ಹಿಮ ಕರಗಿದ್ದಕ್ಕೆ ಕಾರಣ ಕೇಳಿದರೆ

ಸೊಲ್ಲೆಂಟುನಾ ಎಂಬ ಸ್ವೀಡಿಶ್ ಊರಿನ ಅವರ ಮನೆಗೆ ಬಾಡಿಗೆಗೆ ಹೋದ ಮೊದಲ ವಾರವೇ ನಾನು ಒಂದು ಗಾಜಿನ ಲೋಟ ಒಡೆದೆ. ಆಗಷ್ಟೇ ತಣ್ಣೀರಿನಲ್ಲಿ ತೊಳೆದಿದ್ದ ಲೋಟಕ್ಕೆ ಕುದಿಯುವ ಕಾಫಿ ಬಗ್ಗಿಸಿದ್ದೆ. ಅದು ಟಣ್ಣೆಂದು ಸೀಳಿ, ಕಾಫಿಯೆಲ್ಲ ಮೇಜಿನ ಮೇಲೆ ಹರಿದು ಅವರ ಪತ್ರಿಕೆಯನ್ನು ನೆನೆಸಿತು. ಹೊಸ ಮನೆ, ಪರಿಚಯವಿಲ್ಲದ ಮನೆಯೊಡತಿ. "ಅಯ್ಯೋ ಸಾರಿ, ನಂದೇ ತಪ್ಪು" ಎನ್ನುತ್ತ ಬಟ್ಟೆಗಾಗಿ ಹುಡುಕಾಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಒಡೆದ ಚೂರೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಪೂರ್ತಿ ನಿಂದೇನಾ?" ಎಂದರು. "ಇಲ್ಲಿ ನೋಡು, ಹಳೇ ಗೀರು ಇದೆ. ಅದು ನಂದು. ಗಾಜು ತೆಳು, ಅದು ಮಾಡಿದವನದು. ಕಾಫಿ ಬಿಸಿ, ಅದು ನಿಂದು. ಈಗ ಹೇಳು, ಯಾರದೆಷ್ಟು ಭಾಗ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. "ಅರ್ಧ ನಂದು ಇರಬಹುದು" ಎಂದೆ. "ಹ್ಞಾಂ, ಹಾಗಾದ್ರೆ ಅರ್ಧ ಮೇಜು ನೀನು ಒರೆಸು" ಎಂದು ಇನ್ನೊಂದು ಬಟ್ಟೆ ತಂದು ಉಳಿದರ್ಧ ತಾವೇ ಒರೆಸಿದರು.

ಅವರು ಹಿಮನದಿಗಳ ವಿಜ್ಞಾನಿ. ಕಳೆದ ಶರತ್ಕಾಲದಲ್ಲಿ ನಿವೃತ್ತರಾದರು. ವಿಶ್ವವಿದ್ಯಾಲಯದವರು ಬೀಳ್ಕೊಡುಗೆಯ ಫೀಕಾ, ಅಂದರೆ ಕಾಫಿಕೂಟ, ಇಟ್ಟುಕೊಂಡು ನನ್ನನ್ನೂ ಕರೆದಿದ್ದರು. ಕಾಫಿ, ದಾಲ್ಚಿನ್ನಿ ಬನ್ನು, ದೊಡ್ಡ ಕೇಕು. ಮೂವತ್ತು ವರ್ಷಕ್ಕೂ ಮೀರಿ ಹಿಮದ ಮೇಲೆ ನಡೆದವರು ಕೊನೆಯಲ್ಲಿ ಏನೋ ಘನವಾದದ್ದು ಹೇಳುತ್ತಾರೆಂದು ಎಲ್ಲರೂ ಕಪ್ಪು ಕೆಳಗಿಟ್ಟು ಕಾದರು. ಅವರು ಎದ್ದು ನಿಂತು, ಸ್ವೀಡಿಶ್‌ನಲ್ಲಿ, "ಬನ್ನು ಚೆನ್ನಾಗಿದೆ, ತಣ್ಣಗಾಗೋ ಮೊದಲು ತಿನ್ನಿ" ಎಂದು ಹೇಳಿ ಕುಳಿತರು. ಅಷ್ಟೇ. ಮನೆಗೆ ಬರುವಾಗ ರೈಲಿನಲ್ಲಿ ನನಗೆ ಅವರ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರು ಒಪ್ಪುವುದಿಲ್ಲ.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮೊದಲು ಮೇಡಂ ಎಂದೆ, ಗದರಿದರು. ಆಂಟಿ ಎಂದೆ, ಉತ್ತರವನ್ನೇ ಕೊಡಲಿಲ್ಲ. "ಈ ದೇಶದಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದು ಕರೀತಾರೆ, ನೀನೂ ಕರಿ" ಎಂದರು. ನನ್ನ ಬಾಯಲ್ಲಿ ಬರಲಿಲ್ಲ. ಮೈಸೂರಿನಲ್ಲಿ ಬೆಳೆದವಳು, ನನಗಿಂತ ಮೂವತ್ತು ವರ್ಷ ದೊಡ್ಡವರನ್ನು ಹೇಗೆ ಹೆಸರು ಹಿಡಿಯಲಿ? ಕೊನೆಗೆ ಅಕ್ಕ ಎಂಬಲ್ಲಿ ರಾಜಿಯಾಯಿತು. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಅವರ ಊರು ವಿಜಯಪುರ. ಮೇ ತಿಂಗಳಲ್ಲಿ ಮಡಕೆಯ ನೀರೂ ಬೆಚ್ಚಗಾಗುವ ಊರು. ಅಂಥ ಕಡೆಯಿಂದ ಬಂದವರು ಹಿಮದ ಹಿಂದೆ ಬಿದ್ದದ್ದು ಹೇಗೆ ಎಂದು ಒಮ್ಮೆ ಕೇಳಿದೆ. ಅವರು ಹೇಳಿದ್ದು ಒಂದು ಮದುವೆಯ ಕತೆ. ಅವರ ಸೋದರತ್ತೆಯ ಮದುವೆಗೆ, ಶರಬತ್ತಿಗೆಂದು, ಐಸ್ ಫ್ಯಾಕ್ಟರಿಯಿಂದ ಎರಡು ದೊಡ್ಡ ಗಡ್ಡೆ ತರಿಸಿದ್ದರಂತೆ. ಒಂದನ್ನು ಮರದ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿಚೀಲ ಹಾಕಿದ್ದರು. ಇನ್ನೊಂದನ್ನು ಗಡಿಬಿಡಿಯಲ್ಲಿ ಅಡುಗೆಯ ಒಲೆಗಳ ಪಕ್ಕದ ಅಂಗಳದಲ್ಲೇ ಬಿಟ್ಟಿದ್ದರು. ಅದರ ಮೇಲೆ ಮಸಿ ಹಾರಿ ಬಂದು ತೆಳ್ಳಗೆ ಕೂತಿತು. ಹೊಟ್ಟಿನಲ್ಲಿದ್ದದ್ದು ಸಂಜೆಯವರೆಗೆ ಗಟ್ಟಿಯಾಗಿ ಉಳಿಯಿತು. ಮಸಿ ಕೂತದ್ದು ಊಟದ ಹೊತ್ತಿಗೆ ನೀರಾಗಿ ಹರಿದು ಹೋಗಿತ್ತು.

"ಒಲೆಯ ಕಾವು ಅಂತ ಎಲ್ಲರೂ ಅಂದ್ರು. ಕಾವೂ ಇತ್ತು, ಸರಿ. ಆದ್ರೆ ಮಸಿ ಕೂತ ಕಡೆ ಕುಳಿ ಬಿದ್ದಿತ್ತು, ಕೂರದ ಕಡೆ ಇರಲಿಲ್ಲ. ಎರಡು ಗಡ್ಡೆ ಮೇಲೂ ಇದ್ದದ್ದು ಕೊಳೆನೇ ತಾನೇ? ಒಂದು ಕೊಳೆ ಯಾಕೆ ಕಾಪಾಡ್ತು, ಇನ್ನೊಂದು ಯಾಕೆ ಕರಗಿಸ್ತು?"

ಮದುವೆ ಮನೆಯಲ್ಲಿ ಇದೊಂದು ತಲೆನೋವು ಎಂದು ದೊಡ್ಡವರು ಗದರಿ ಕಳಿಸಿದರು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಇಲ್ಲಿನ ಉತ್ತರದ ಬೆಟ್ಟಗಳಲ್ಲಿ. ಹಿಮನದಿಯ ಮೇಲೆ ದಪ್ಪಗೆ ಕಲ್ಲುಮಣ್ಣು ಬಿದ್ದ ಕಡೆ ಅದು ಕಂಬಳಿಯ ಹಾಗೆ ಕೆಳಗಿನದನ್ನು ಕಾಯುತ್ತದೆ. ತೆಳ್ಳಗೆ ಮಸಿ ಕೂತ ಕಡೆ ಅದೇ ಬಿಸಿಲನ್ನು ಹೀರಿ ಒಳಗಿಳಿಸುತ್ತದೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಸೋದರತ್ತೆಯ ಮದುವೆಯಲ್ಲಿ ಆ ಪ್ರಶ್ನೆ ಕೇಳಿದ ಹುಡುಗಿ ಕಾಣುತ್ತಿದ್ದಳು.

ಅವರಿಗೆ ಮದುವೆಯಾಗಿರಲಿಲ್ಲ. ನಮ್ಮ ಕನ್ನಡದ ಬಳಗದಲ್ಲಿ ಯಾಕೆ ಎಂದು ಕೇಳುವವರಿಗೇನು ಬರ? "ಕಾರಣ ತುಂಬ ಇವೆ ರೀ. ಯಾವುದರದು ಎಷ್ಟು ಭಾಗ ಅಂತ ಲೆಕ್ಕ ಇನ್ನೂ ಮುಗಿದಿಲ್ಲ" ಎಂದು ಹೇಳಿ ಪಾಯಸದ ಬಟ್ಟಲಿಗೆ ಕೈ ಹಾಕುತ್ತಿದ್ದರು. ಇಂಥ ಮಾತಿನಿಂದ ಕೆಲವರಿಗೆ ಅವರು ಗರ್ವಿಷ್ಠೆಯಾಗಿ ಕಾಣುತ್ತಿದ್ದರು. ರೈಲು ತಡವಾದರೆ ಹಿಮಪಾತ ಎಷ್ಟು, ರೈಲಿನವರು ಎಷ್ಟು ಎನ್ನುವರು. ನನ್ನ ಸಾರು ಕೆಟ್ಟರೆ ಹುಳಿ ಎಷ್ಟು, ಬೇಳೆ ಎಷ್ಟು. ಕೆಲವು ದಿನ ಈ ಹೆಂಗಸಿನ ಜತೆ ಇರುವುದೇ ಬೇಡ ಅನ್ನಿಸುತ್ತಿತ್ತು.

ಆದರೆ ನನ್ನ ನಿಶ್ಚಿತಾರ್ಥ ಮುರಿದ ವಾರ ಅವರಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ ತಿಳಿಯದು. ಮೈಸೂರಿನಿಂದ ಅಮ್ಮ ದಿನವೂ ಫೋನು ಮಾಡಿ ಎಲ್ಲ ಆ ಹುಡುಗನದೇ ತಪ್ಪು ಎನ್ನುತ್ತಿದ್ದರು. ನಾನು ಎಲ್ಲ ನನ್ನದೇ ಎಂದು ಅಳುತ್ತಿದ್ದೆ. ಅಕ್ಕ ಜೋಳದ ರೊಟ್ಟಿ ಬಡಿದು ತಂದು ನನ್ನ ಎದುರಿಗೆ ಕುಳಿತರು. ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಗಲ್ಲ ಹಿಡಿದರು.

"ಎಲ್ಲಾ ನಂದೇ ಅನ್ನೋದೂ ಒಂಥರಾ ಜಂಬ, ತಂಗಿ. ಅಷ್ಟು ದೊಡ್ಡೋಳಲ್ಲ ನೀನು. ನಿನ್ನ ಪಾಲು ಎಷ್ಟೋ ಅಷ್ಟಕ್ಕೆ ಅಳು. ಉಳಿದದ್ದು ಅವನು ಅಳಲಿ."

ಅಳುವಿನ ನಡುವೆ ನಗು ಬಂತು. ರೊಟ್ಟಿ ತಿಂದೆ.

ಅವರ ನಾಲಿಗೆಯಲ್ಲಿ ಎರಡು ಕನ್ನಡಗಳಿದ್ದವು. ನಮ್ಮೆಲ್ಲರ ನಡುವೆ ಬೆಂಗಳೂರಿನ ಕನ್ನಡ. ತುಂಬ ಸಿಟ್ಟು ಬಂದಾಗ, ತುಂಬ ಹೆದರಿದಾಗ, ವಿಜಯಪುರದ್ದು. ಮೊದಲನೆಯ ಎರಡು ವರ್ಷ ನಾನು ಎರಡನೆಯದನ್ನು ಕೇಳಿಯೇ ಇರಲಿಲ್ಲ.

ಅವರ ಜೀವನದ ದೊಡ್ಡ ವಾದ ಶುರುವಾದದ್ದು ಒಂದು ಯುಗಾದಿಯ ದಿನ. ಸೊಲ್ಲೆಂಟುನಾದ ಒಂದು ಸಭಾಂಗಣ ಬಾಡಿಗೆಗೆ ಹಿಡಿದು ಹಬ್ಬ ಮಾಡಿದ್ದೆವು. ಹೋಳಿಗೆ ಊಟವಾದ ಮೇಲೆ ಯಾರೋ ಅಕ್ಕನಿಗೆ ಹಿಮನದಿಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರು. ಅವರು ಚಿತ್ರಗಳನ್ನು ತೋರಿಸಿದರು. ಒಂದೇ ಬೆಟ್ಟ, ಒಂದೇ ಜಾಗದಿಂದ ತೆಗೆದದ್ದು, ನಡುವೆ ನೂರು ವರ್ಷ. ಹಳೆಯದರಲ್ಲಿ ಕಣಿವೆ ತುಂಬ ಬಿಳಿ, ಹೊಸದರಲ್ಲಿ ಬರಿ ಕಲ್ಲು, ಮೇಲೆಲ್ಲೋ ಕೊನೆಯಲ್ಲಿ ಒಂದು ಬಿಳಿ ತುಂಡು.

ಹಿಂದಿನ ಸಾಲಿನಿಂದ ಸುರೇಶ್ ಎದ್ದು ನಿಂತರು. ಪಕ್ಕದ ಊರಾದ ಕಿಸ್ಟಾದ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ನಮ್ಮ ಬೀದಿಯ ಆಚೆ ತುದಿಯಲ್ಲಿ ಮನೆ. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ನಿಂತರೆ ಬಿಡುವ ಪೈಕಿ ಅಲ್ಲ.

"ಮೇಡಂ, ಒಂದ್ ಕ್ವೆಶ್ಚನ್. ಈ ಹಿಮನದಿಗಳು ಕರಗೋಕೆ ಶುರುವಾಗಿದ್ದು ಸಾವಿರದ ಎಂಟುನೂರ ಐವತ್ತರ ಹೊತ್ತಿಗೆ ಅಲ್ವಾ? ಆಗ ಕಾರು ಎಲ್ಲಿತ್ತು, ವಿಮಾನ ಎಲ್ಲಿತ್ತು? ನ್ಯಾಚುರಲ್ ಸೈಕಲ್ ಅದು. ಸುಮ್ನೆ ಜನರನ್ನ ಹೆದರಿಸ್ತಾ ಇದೀರ."

ಅಕ್ಕನ ಮುಖ ಅರಳಿತು. ನಾನು ಗಾಬರಿಯಾಗಿದ್ದೆ, ಅವರಿಗೆ ಹಬ್ಬವಾಗಿತ್ತು.

"ಸರಿ ಹೇಳಿದ್ರಿ. ಆ ಭಾಗ ನಿಜ. ಅದಕ್ಕೂ ಹಿಂದೆ ಕೆಲವು ಶತಮಾನ ಚಳಿ ಜಾಸ್ತಿ ಇತ್ತು, ಹಿಮನದಿ ಉಬ್ಬಿತ್ತು. ಆ ಚಳಿ ಮುಗಿದಾಗ ತಾನಾಗೇ ಇಳಿಯೋಕೆ ಶುರುವಾಯ್ತು. ಮೊದಮೊದಲು ಕರಗಿದ್ದರಲ್ಲಿ ನಮ್ಮ ಪಾಲು ಕಡಿಮೆ."

"ಹಾಗಾದ್ರೆ ನೀವೇ ಒಪ್ಕೊಂಡ್ರಿ!"

"ಅಷ್ಟನ್ನ ಒಪ್ಕೊಂಡೆ. ಈಗ ಮುಂದಿನದು ಕೇಳಿ. ಹಾಗೆ ತಾನಾಗಿ ಇಳಿಯೋದು ಹೊಸ ಹವೆಗೆ ಹೊಂದಿಕೊಂಡು ಒಂದು ಕಡೆ ನಿಲ್ಲಬೇಕು. ನಿಲ್ಲಲಿಲ್ಲ. ಇತ್ತೀಚಿನ ದಶಕಗಳಲ್ಲಿ ಇನ್ನೂ ಜೋರಾಗಿದೆ. ಸೂರ್ಯನನ್ನ ಸೇರಿಸಿ, ಜ್ವಾಲಾಮುಖಿ ಸೇರಿಸಿ, ಲೆಕ್ಕ ಕೂಡಲ್ಲ. ನಮ್ಮ ಹೊಗೆ ಸೇರಿಸಿದ್ರೇನೇ ಕೂಡೋದು. ಈಗ ಕರಗ್ತಿರೋದರಲ್ಲಿ ದೊಡ್ಡ ಪಾಲು ನಮ್ಮದು, ಸುರೇಶ್ ಅವರೇ."

"ನಾರ್ವೆ ಕರಾವಳೀಲಿ ತೊಂಬತ್ತರ ಸುಮಾರಿಗೆ ಹಿಮನದಿ ಬೆಳೀತು ಅಂತಾರಲ್ಲ?"

"ಬೆಳೀತು. ಆ ಚಳಿಗಾಲಗಳಲ್ಲಿ ಅಲ್ಲಿ ಹಿಮ ತುಂಬ ಬಿತ್ತು. ಬರೋದು ಜಾಸ್ತಿ ಆದ್ರೆ ಖರ್ಚು ಜಾಸ್ತಿ ಇದ್ರೂ ಕೆಲವು ದಿನ ನಡೆಯುತ್ತಲ್ಲ, ಹಾಗೆ. ಆಮೇಲೆ ಅವೂ ಕರಗಿದ್ವು."

ಮುಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, "ಅಂದ್ರೆ ಎಲ್ಲಾ ಮನುಷ್ಯನಿಂದಲೇ, ಇನ್ನು ಹತ್ತು ವರ್ಷಕ್ಕೆ ಎಲ್ಲಾ ಮುಗೀತು ಅಲ್ವಾ ಮೇಡಂ?" ಎಂದ. ಅವನಿಗೂ ಅವರು ಬೆಂಬಲ ಕೊಡಲಿಲ್ಲ. "ಎಲ್ಲಾ ಅಂತ ನಾನು ಹೇಳಲಿಲ್ಲಪ್ಪ. ಹತ್ತು ವರ್ಷ ಅಂತಲೂ ಹೇಳಲಿಲ್ಲ" ಎಂದರು. ಹೀಗಾಗಿ ಆ ದಿನ ಎರಡು ಕಡೆಯವರಿಗೂ ಅವರ ಮೇಲೆ ಬೇಸರವಾಯಿತು. ಸಂತೋಷಪಟ್ಟವಳು ಒಬ್ಬಳೇ. ಸುರೇಶರ ಮಗಳು ಶ್ರೇಯಾ. ಕಾರ್ಲ್‌ಸ್ಟಾಡ್‌ನಲ್ಲಿ ಓದುತ್ತಿದ್ದಳು, ರಜೆಗೆ ಬಂದಿದ್ದಳು. ಎಲ್ಲರೂ ಕುರ್ಚಿ ಮಡಿಸುವಾಗ ಬಂದು ಅಕ್ಕನನ್ನು ಸ್ವೀಡಿಶ್‌ನಲ್ಲಿ ಕೇಳಿದಳು:

"ಈ ಪಾಲು ಲೆಕ್ಕ ಹಾಕೋದನ್ನ ಎಲ್ಲಿ ಕಲೀಬಹುದು?"

ಮರುವರ್ಷವೇ ಅವಳು ಅಕ್ಕನ ವಿಭಾಗಕ್ಕೆ ಮಾಸ್ಟರ್ಸ್ ಸೇರಿದಳು. ಸುರೇಶರಿಗೆ ಅದು ಸುತರಾಂ ಇಷ್ಟವಿರಲಿಲ್ಲ. ನಮ್ಮ ಬಾಗಿಲಿಗೆ ಬಂದು, ನಿಂತಲ್ಲೇ, "ನನ್ನ ಜತೆ ಆರ್ಗ್ಯೂ ಮಾಡೋಕೆ ನಿಮಗೆ ನನ್ನ ಮಗಳೇ ಬೇಕಿತ್ತಾ?" ಎಂದರು. ಅಕ್ಕ ಒಳಗೆ ಬನ್ನಿ, ಚಹಾ ಕುಡೀರಿ ಎಂದರು. ಬಂದರು. ಚಹಾ ಮುಗಿಯುವವರೆಗೆ ಸೂರ್ಯನ ಕಲೆಗಳ ಬಗ್ಗೆ ವಾದಿಸಿದರು. ಆಮೇಲೆ ಅದು ವಾಡಿಕೆಯಾಯಿತು. ಶನಿವಾರ ಬೆಳಿಗ್ಗೆ ಸುರೇಶ್ ಬರುವುದು, ಇಂಟರ್ನೆಟ್ಟಿನಲ್ಲಿ ಓದಿದ ಏನಾದರೂ ಹೊಸ ಅನುಮಾನ ತರುವುದು, ಅಕ್ಕ ಅದನ್ನು ಬಿಡಿಸಿ ಇಷ್ಟು ಸರಿ, ಇಷ್ಟು ತಪ್ಪು ಎಂದು ಎರಡು ಗುಡ್ಡೆ ಮಾಡುವುದು.

"ಅಲ್ಲ ಅಕ್ಕ, ಅವರು ಬದಲಾಗಲ್ಲ ಅಂತ ಗೊತ್ತಿದ್ದೂ ಯಾಕೆ ಟೈಮ್ ವೇಸ್ಟ್ ಮಾಡ್ತೀರ?" ಎಂದು ಕೇಳಿದ್ದೆ.

"ಆತ ಪ್ರಶ್ನೆ ಕೇಳ್ತಾನಲ್ಲ. ಹೂಂ ಅನ್ನೋರು ಬೇಕಾದಷ್ಟು ಜನ ಇದಾರೆ" ಎಂದರು.

೨೦೧೮ರ ಬೇಸಿಗೆಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಮೇ ತಿಂಗಳಿಂದ ಮಳೆಯಿಲ್ಲ. ಹುಲ್ಲು ಒಣಗಿ ನಮ್ಮೂರಿನ ಬೇಸಿಗೆಯ ಬಣ್ಣಕ್ಕೆ ತಿರುಗಿತು. ಜುಲೈನಲ್ಲಿ ಕಾಡುಗಳು ಹೊತ್ತಿಕೊಂಡವು. ಅಂಗಡಿಗಳಲ್ಲಿ ಫ್ಯಾನು ಖಾಲಿ. ದೇಶದ ಅತಿ ಎತ್ತರದ ಶಿಖರ ಕೆಬ್ನೆಕೈಸೆಯ ದಕ್ಷಿಣ ನೆತ್ತಿಯ ಹಿಮ ಕರಗಿ, ಅದರ ಆ ಪಟ್ಟ ಪಕ್ಕದ ಉತ್ತರ ನೆತ್ತಿಗೆ ಹೋಗುತ್ತದಂತೆ ಎಂದು ದಿನವೂ ಸುದ್ದಿ. ಅಕ್ಕ ತಂಡ ಕಟ್ಟಿಕೊಂಡು ಉತ್ತರಕ್ಕೆ ಹೋಗಿದ್ದರು. ಹಿಮನದಿಯಲ್ಲಿ ಆಳಕ್ಕೆ ನೆಟ್ಟ ಕೋಲುಗಳು ಎಷ್ಟು ಹೊರಗೆ ಬಂದಿವೆ ಎಂದು ಅಳೆಯುವುದು ಅವರ ಕೆಲಸ. ಎಷ್ಟು ಹೊರಗೆ ಬಂತೋ ಅಷ್ಟು ಕರಗಿತು ಎಂದರ್ಥ. ಶ್ರೇಯಾ ಜತೆಗಿದ್ದಳು.

ಒಂದು ಮಧ್ಯಾಹ್ನ ನಾನು ಕಿಸ್ಟಾದಲ್ಲೇ ಇದ್ದ ನನ್ನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಅಕ್ಕನ ಫೋನು ಬಂತು. ಬೆಟ್ಟದಿಂದ ಅವರು ಎಂದೂ ಫೋನು ಮಾಡಿದವರಲ್ಲ. ಹೊರಗೆ ಬಂದು ಎತ್ತಿದೆ.

"ತಂಗಿ, ಸುರೇಶನ ಕಡೆ ಹೋಗು. ಈಗಲೇ ಹೋಗು. ಪೊಲೀಸರು ಫೋನ್ ಮಾಡೋಕಿಂತ ಮುಂಚೆ ನೀ ಅಲ್ಲಿರು. ಹುಡುಗಿ ಹಿಮದ ಬಿರುಕಿನ್ಯಾಗ ಬಿದ್ದಾಳ."

ನಾನು ಮೊದಲ ಬಾರಿಗೆ ಕೇಳಿದ ವಿಜಯಪುರದ ಕನ್ನಡ ಅದು. ಬದುಕಿದ್ದಾಳಾ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು: "ಕೂಗಿದ್ರ ಮೊದಲ ಓಗೊಟ್ಳು. ಈಗ ಓಗೊಡವಲ್ಲಳು. ಹೆಲಿಕಾಪ್ಟರ್ ಬರಾಕತ್ತೈತಿ." ಫೋನು ಕಡಿಯಿತು.

ಸುರೇಶರ ಆಫೀಸು ಎರಡು ಕಟ್ಟಡಗಳ ಆಚೆ. ಓಡಿದೆ. ಅವರು ಕ್ಯಾಂಟೀನಿನಲ್ಲಿ ಒಬ್ಬರೇ ಕಾಫಿ ಹಿಡಿದು ಕುಳಿತಿದ್ದರು. ಹೆಂಡತಿ ಆಗ ಮೈಸೂರಿಗೆ ಹೋಗಿದ್ದರು. ನನ್ನ ಮುಖ ನೋಡಿಯೇ ಎದ್ದರು. ವಿಷಯ ಹೇಳಿದೆ. ಅವರು ಕಪ್ಪನ್ನು ತೆಗೆದುಕೊಂಡು ಹೋಗಿ ಎಲ್ಲರೂ ಇಡುವ ಟ್ರೇಯಲ್ಲಿ ನೇರವಾಗಿ ಇಟ್ಟು ಬಂದರು. ಆಮೇಲೆ ಟ್ಯಾಕ್ಸಿಗೆ ಫೋನು ಮಾಡಿದರು.

ನಾವಿಬ್ಬರೂ ವಿಮಾನ ನಿಲ್ದಾಣದ ಟ್ಯಾಕ್ಸಿಯಲ್ಲಿದ್ದೆವು. ಹೊರಗೆ ಕಾಡಿನ ಬೆಂಕಿಯ ವಾಸನೆಯೋ, ನನ್ನ ಭ್ರಮೆಯೋ. ಸುರೇಶ್ ಕೈಯಲ್ಲಿ ಫೋನು ಹಿಡಿದುಕೊಂಡು ಅದನ್ನು ನೋಡದೆ ಕಿಟಕಿಯಾಚೆ ನೋಡುತ್ತಿದ್ದರು. ರಿಂಗಾದದ್ದು ನನ್ನದು.

"ಸಿಕ್ಕಾಳವಾ!" ಅಕ್ಕ ಕೂಗುತ್ತಿದ್ದರು. ಹಿಂದೆ ಹೆಲಿಕಾಪ್ಟರಿನ ಸದ್ದು. "ಸಿಕ್ಕಾಳ! ಮ್ಯಾಲ ತಂದಾರ. ಕಾಲು ಮುರದೈತಿ, ಮೈ ಥಂಡ ಆಗೈತಿ, ಆದ್ರ ಮಾತಾಡಾಕತ್ತಾಳ. ಅವರಪ್ಪಗ ಹೇಳು. ಮಾತಾಡಾಕತ್ತಾಳ ಅಂತ ಹೇಳು!"

ಹೇಳುವ ಅಗತ್ಯವಿರಲಿಲ್ಲ, ಅವರ ದನಿ ಕಾರಿನ ತುಂಬ ಕೇಳುತ್ತಿತ್ತು. ಸುರೇಶ್ ಮುಂದಿನ ಸೀಟಿಗೆ ಹಣೆ ಆನಿಸಿ ಗಳಗಳನೆ ಅತ್ತರು. ಟ್ಯಾಕ್ಸಿಯವನು ಏನೂ ಅರ್ಥವಾಗದೆ, ಆದರೂ ಒಳ್ಳೆಯ ಸುದ್ದಿಯೇ ಇರಬೇಕೆಂದು ಊಹಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದ. ಹೌದೆಂದು ತಲೆಯಾಡಿಸಿದೆ.

ರಾತ್ರಿ ಉತ್ತರದ ಆಸ್ಪತ್ರೆ ಮುಟ್ಟಿದೆವು. ರಾತ್ರಿಯೆಂದರೂ ಅಲ್ಲಿ ಹಗಲಿನ ಹಾಗೆ ಬಿಸಿಲು. ಶ್ರೇಯಾಳಿಗೆ ತೊಡೆಯ ಮೂಳೆಯ ಆಪರೇಶನ್ ಆಗಿತ್ತು. ಅಪ್ಪನನ್ನು ನೋಡಿ ಔಷಧದ ಮಂಪರಿನಲ್ಲೇ, "ಪಪ್ಪಾ, ಒಳಗೆ ಎಷ್ಟು ನೀಲಿ ಇತ್ತು ಗೊತ್ತಾ" ಎಂದು ಕನ್ನಡದಲ್ಲಿ ಅಂದಳು. ಸುರೇಶ್ ಮಗಳ ಹಣೆ ಸವರಿದರು. ಆಮೇಲೆ ಹೊರಗಿನ ಪಡಸಾಲೆಗೆ ಬಂದರು. ಅಕ್ಕ ಅಲ್ಲಿ ಬೆಂಚಿನ ಮೇಲೆ, ಒದ್ದೆ ಬೂಟಿನಲ್ಲಿ, ಹಿಮದ ಬಿಸಿಲಿಗೆ ಸುಟ್ಟು ಕೆಂಪಾದ ಮುಖದಲ್ಲಿ ಕುಳಿತಿದ್ದರು. ಅಷ್ಟು ಚಿಕ್ಕವರಾಗಿ ಅವರು ನನಗೆ ಎಂದೂ ಕಂಡಿರಲಿಲ್ಲ.

ಆದದ್ದು ಇಷ್ಟು. ಹಿಮನದಿಯ ಮೇಲ್ಭಾಗದಲ್ಲಿ ಬಿರುಕುಗಳ ಮೇಲೆ ಹಿಮ ಹೊದಿಕೆಯಾಗಿ ಕೂತಿರುತ್ತದೆ, ಕೆಳಗೆ ಟೊಳ್ಳು ಇರುವುದು ಕಾಣುವುದಿಲ್ಲ. ಅಂಥ ಕಡೆ ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ನಡೆಯಬೇಕು. ಆ ದಿನ ಬಿಸಿಲಿಗೆ ಹಿಮ ಗಂಜಿಯಾಗಿತ್ತು, ಹೆಜ್ಜೆ ಹೂತುಹೋಗುತ್ತಿತ್ತು, ಎಲ್ಲರೂ ದಣಿದಿದ್ದರು. ಮುಂದಿನ ಕೋಲಿನವರೆಗಿನ ತುಂಡು ದಾರಿ ಅಕ್ಕ ಮೂವತ್ತು ವರ್ಷದಿಂದ ನಡೆದದ್ದು. ಅಲ್ಲಿ ಎಂದೂ ಬಿರುಕು ಕಂಡಿರಲಿಲ್ಲ. ಹಗ್ಗ ಬಿಚ್ಚಿ, ಬೇಗ ಮುಗಿಸಿ ಇಳಿಯೋಣ ಎಂದು ಅಕ್ಕನೇ ಹೇಳಿದ್ದರು. ಶ್ರೇಯಾ ಎರಡನೆಯವಳಾಗಿ ನಡೆದಳು. ಅವಳ ಕಾಲ ಕೆಳಗೆ ಹಿಮ ಕುಸಿಯಿತು. ಬಿರುಕಿನೊಳಗಿನ ಒಂದು ಚಾಚಿನಲ್ಲಿ ಸಿಕ್ಕಿಕೊಂಡಿದ್ದರಿಂದ ಉಳಿದಳು.

ಸುರೇಶ್ ಬಾಯಿ ತೆರೆಯುವ ಮೊದಲೇ ಅಕ್ಕನ ಫೋನು ಬಂತು. ವಿಭಾಗದ ಮುಖ್ಯಸ್ಥರು. ಅಕ್ಕನ ಕಿವಿ ಹೆಲಿಕಾಪ್ಟರಿನ ಸದ್ದಿಗೆ ಮಂಕಾಗಿತ್ತು, ಹಾಗಾಗಿ ಸ್ಪೀಕರಿನಲ್ಲಿ ಹಾಕಿದ್ದರು. ಸ್ವೀಡಿಶ್ ನಮಗೆ ಮೂವರಿಗೂ ಬರುತ್ತದೆ. ಮುಖ್ಯಸ್ಥರು ಮೊದಲು ಹುಡುಗಿಯ ಬಗ್ಗೆ ಕೇಳಿದರು, ಸಮಾಧಾನಪಟ್ಟರು. ಆಮೇಲೆ ಮೆತ್ತಗೆ, ಪತ್ರಿಕೆಯವರು ಕೇಳುತ್ತಿದ್ದಾರೆ, ಒಂದು ಹೇಳಿಕೆ ಬರೆದಿದ್ದೇವೆ ಎಂದು ಓದಿದರು. ಹಿಂದೆಂದೂ ಕಾಣದ ಬಿಸಿಲಿನಿಂದ ಹಿಮ ದುರ್ಬಲವಾಗಿ ಅಪಘಾತ ಸಂಭವಿಸಿದೆ, ಹವಾಮಾನ ಬದಲಾವಣೆ ಸಂಶೋಧಕರ ಜೀವಕ್ಕೇ ಎರವಾಗುತ್ತಿದೆ, ಹೀಗೆ.

ಅಕ್ಕ ಪೂರ್ತಿ ಕೇಳಿದರು. ಮತ್ತೆ ಸ್ವೀಡಿಶ್‌ನಲ್ಲೇ, ಒಂದೊಂದೇ ಪದ ಇಟ್ಟು, ಹೇಳಿದರು:

"ಹಿಮ ತೆಳುವಾಗಿದ್ದು ಬಿಸಿಲಿನಿಂದ. ಅದು ಸುಳ್ಳಲ್ಲ. ಹಗ್ಗ ಬಿಚ್ಚಿಸಿದ್ದು ನಾನು. ಅದನ್ನೂ ಬರೀರಿ. ಬರೀ ಮೊದಲನೆಯದನ್ನ ಬರೆದ್ರೆ ಬರೋ ವರ್ಷ ಇನ್ನೊಬ್ಬರು ಬಿಸಿಲನ್ನ ಬೈಕೊಂಡು ಹಗ್ಗ ಇಲ್ದೇ ನಡೀತಾರೆ."

"ಇದು ನಿಮ್ಮ ಹುದ್ದೆಗೆ ಕುತ್ತು ತರಬಹುದು" ಎಂದರು ಮುಖ್ಯಸ್ಥರು.

"ತರಲಿ. ನನ್ನ ತಪ್ಪು ಮುಚ್ಚೋಕೆ ಹವಾಮಾನವನ್ನ ಎಳೆದು ತಂದ್ರೆ, ನಾಳೆ ಅದರ ಬಗ್ಗೆ ನಾನು ನಿಜ ಹೇಳಿದಾಗ ಯಾರು ನಂಬ್ತಾರೆ?"

ಫೋನಿಟ್ಟರು. ಸುರೇಶ್ ಅವರ ಎದುರು ನಿಂತಿದ್ದರು. ದಾರಿಯುದ್ದಕ್ಕೂ ಅವರು ಕಟ್ಟಿಕೊಂಡು ಬಂದಿದ್ದ ಸಿಟ್ಟು ನನಗೆ ಗೊತ್ತಿತ್ತು. ವಿಮಾನದಲ್ಲಿ, "ಆಯಮ್ಮನ್ನ ನಾನು ಬಿಡಲ್ಲ, ಎಲ್ಲಾ ಆಕೆದೇ" ಎಂದು ಹಲ್ಲು ಕಚ್ಚಿ ಹೇಳಿದ್ದರು.

"ನಿಮ್ಮಿಂದ..." ಎಂದರು.

"ಹೌದು. ಹಗ್ಗದ್ದು ನನ್ನಿಂದ" ಎಂದರು ಅಕ್ಕ, ತಲೆಯೆತ್ತಿ. "ಅದ್ರಾಗ ಬಿಸಿಲಿಂದೇನೂ ಪಾಲಿಲ್ಲ. ನೀವು ಬೈರಿ. ಕೇಳ್ತೀನಿ."

ಸುರೇಶ್ ಬೈಯಲಿಲ್ಲ. ಬೆಂಚಿನ ಮತ್ತೊಂದು ತುದಿಯಲ್ಲಿ ಕುಳಿತರು. ಎಷ್ಟೋ ಹೊತ್ತಿನ ಮೇಲೆ, "ನಿಮ್ಮ ಬೂಟು ಒದ್ದೆ ಇದೆ, ಬಿಚ್ಚಿ. ನೆಗಡಿ ಆಗುತ್ತೆ" ಎಂದರು. ಅಕ್ಕ ಆಗ ಅತ್ತರು. ಬಾಯಿಗೆ ಸೆರಗಿಲ್ಲದೆ, ಕೈಯಲ್ಲಿ ಮುಖ ಮುಚ್ಚಿಕೊಳ್ಳದೆ, ಮಕ್ಕಳ ಹಾಗೆ. ನಾನು ಬಗ್ಗಿ ಅವರ ಬೂಟಿನ ದಾರ ಬಿಚ್ಚಿದೆ.

ವಿಚಾರಣೆ ಶರತ್ಕಾಲದವರೆಗೆ ನಡೆಯಿತು. ನಮಗೆಲ್ಲ ಅಕ್ಕನ ಕೆಲಸ ಹೋಗಿಯೇ ಬಿಡುತ್ತದೆ ಎಂಬ ಭಯವಿತ್ತು. ಹೋಗಲಿಲ್ಲ. ಬೆಟ್ಟಕ್ಕೆ ಹೋಗುವ ತಂಡವನ್ನು ಇನ್ನು ಅವರು ಮುನ್ನಡೆಸುವಂತಿಲ್ಲ ಎಂದಷ್ಟೇ ತೀರ್ಮಾನವಾಯಿತು. ಹಿಮ ಇರುವ ಕಡೆಯಲ್ಲೆಲ್ಲ, ಎಷ್ಟೇ ಪರಿಚಯದ ದಾರಿಯಾದರೂ, ಹಗ್ಗ ಬಿಚ್ಚುವಂತಿಲ್ಲ ಎಂದು ನಿಯಮ ಬಂತು. ಅದನ್ನು ಬರೆದುಕೊಟ್ಟವರು ಅಕ್ಕನೇ. ತೀರ್ಮಾನ ಬಂದ ದಿನ ಅವರು ಮನೆಗೆ ಬಂದು, "ಸರಿಯಾಗೇ ತೂಗಿದಾರೆ" ಎಂದು ಹೇಳಿ ಸ್ನಾನಕ್ಕೆ ಹೋದರು. ಬಚ್ಚಲಿನಿಂದ ಹಾಡು ಕೇಳಿಸಿತು. ಅವರು ಹಾಡುತ್ತಾರೆ ಎನ್ನುವುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಶ್ರುತಿಯ ಸುಳಿವೂ ಇಲ್ಲದ ಹಾಡು.

ಶ್ರೇಯಾ ಚಳಿಗಾಲದಲ್ಲಿ ಊರುಗೋಲು ಬಿಟ್ಟು ನಡೆದಳು. ಏಪ್ರಿಲ್‌ನಲ್ಲಿ, ಚಳಿಗಾಲದ ಹಿಮ ಎಷ್ಟು ಬಿದ್ದಿದೆ ಎಂದು ಅಳೆಯಲು ಹೋಗುವ ತಂಡದಲ್ಲಿ ತನ್ನ ಹೆಸರೂ ಇರಲಿ ಎಂದಳು. ಮನೆಯಲ್ಲಿ ದೊಡ್ಡ ಜಗಳ. ಅವಳಮ್ಮ ಊಟ ಬಿಟ್ಟರು. ಸುರೇಶ್ ಅಕ್ಕನ ಹತ್ತಿರ ಬಂದು, "ನೀವು ಹೇಳಿದ್ರೆ ಕೇಳ್ತಾಳೆ, ಬೇಡ ಅನ್ನಿ" ಎಂದರು.

"ಬೇಡ ಅನ್ನೋಕೆ ಕಾರಣ ಬೇಕಲ್ಲ. ಡಾಕ್ಟರ್ ಹೋಗಬಹುದು ಅಂದಿದಾರೆ. ಹೊಸ ಲೀಡರ್ ಗಟ್ಟಿ ಇದಾಳೆ. ಇನ್ನು ಉಳಿದಿರೋದು ನಮ್ಮ ಭಯ" ಎಂದರು ಅಕ್ಕ.

ಅವಳು ಹೋದಳು. ಮೇಲಿನ ಭಾಗ ಮುಗಿಸಿ ತಂಡ ಇಳಿಯಬೇಕಿದ್ದ ಶನಿವಾರ ಸುರೇಶ್ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. ಸುಮ್ಮನೆ ಕೂರಲು ಆಗದೆ ವಾದ ತೆಗೆದರು. ಹಿಮಾಲಯದ ಹಿಮನದಿಗಳದು, ಅಡುಗೆ ಒಲೆಯ ಮಸಿಯದು, ಮತ್ತೆ ಸೂರ್ಯನದು. ಅಕ್ಕ ಸೋಫಾದ ತುದಿಯಲ್ಲಿ ಕುಳಿತು ಉತ್ತರ ಕೊಡುತ್ತಿದ್ದರು, ಆದರೆ ಕಣ್ಣು ಫೋನಿನ ಮೇಲೆ. ನಾನು ಮಾಡಿದ ಉಪ್ಪಿಟ್ಟು ಯಾರೂ ಮುಟ್ಟಲಿಲ್ಲ. ಊಟದ ಹೊತ್ತು ಮೀರಿತು. ಮೊದಲ ಬಾರಿಗೆ ಅಕ್ಕ ಒಂದು ಪ್ರಶ್ನೆಗೆ, "ಏನಂದ್ರಿ? ಕೇಳಿಸ್ಲಿಲ್ಲ" ಎಂದರು.

ಆಗ ಫೋನು ಬಡಿದುಕೊಂಡಿತು. ಶ್ರೇಯಾ.

"ಇಳಿದ್ವಿ. ಎಲ್ಲರೂ. ಹಸಿವು" ಎಂದಳು. ಹಿಂದಿನಿಂದ ನಗು, ಪಾತ್ರೆಗಳ ಸದ್ದು. ಅಪ್ಪನಿಗೆ ಕೊಡಲೇ ಎಂದು ಅಕ್ಕ ಕೇಳುವಷ್ಟರಲ್ಲಿ ಅವಳು ಊಟಕ್ಕೆ ಓಡಿದ್ದಳು.

ಸುರೇಶ್ ಎದ್ದು ಕಿಟಕಿಯ ಹತ್ತಿರ ಹೋದರು. ನನ್ನ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ನಿಂತೇ ತಿನ್ನತೊಡಗಿದರು. ಎರಡು ತುತ್ತು ಒಳಗೆ ಹೋಗುತ್ತಲೇ ಧೈರ್ಯ ಬಂತು. "ಅದಿರ್ಲಿ ಮೇಡಂ, ನೀವು ಸೂರ್ಯನ ವಿಷಯಕ್ಕೆ ಆನ್ಸರ್ ಮಾಡ್ಲೇ ಇಲ್ಲ. ಆ ಹನ್ನೊಂದು ವರ್ಷದ ಸೈಕಲ್ ಇದೆಯಲ್ಲ..." ಎಂದು ತಿರುಗಿದರು.

ಅಕ್ಕ ನಿದ್ದೆ ಹೋಗಿದ್ದರು. ಕುಳಿತಲ್ಲೇ ಒಂದು ಕಡೆ ವಾಲಿ, ಬಾಯಿ ಸ್ವಲ್ಪ ತೆರೆದು, ಹಗಲು ಬೆಳಕಿನಲ್ಲಿ, ಗಾಢವಾಗಿ. ಹಿಂದಿನ ಬೇಸಿಗೆಯಿಂದ ಅವರು ಸರಿಯಾಗಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಸುರೇಶ್ ಮಾತು ಅಲ್ಲಿಗೇ ನಿಲ್ಲಿಸಿದರು. ಕುರ್ಚಿಯ ಮೇಲಿದ್ದ ಶಾಲು ತಂದು, ಎಚ್ಚರವಾಗದ ಹಾಗೆ ಅವರ ಕಾಲಿನ ಮೇಲೆ ಹೊದಿಸಿದರು. ಆಮೇಲೆ ನನ್ನನ್ನು ಕರೆದುಕೊಂಡು ತುದಿಗಾಲಿನಲ್ಲಿ ಅಡುಗೆಮನೆಗೆ ಬಂದು, ಬಾಗಿಲು ಮುಂದಕ್ಕೆ ಎಳೆದು, ಸೂರ್ಯನ ಬಗ್ಗೆ ಉಳಿದಿದ್ದ ವಾದವನ್ನೆಲ್ಲ ಪಿಸುದನಿಯಲ್ಲಿ ನನ್ನ ಮುಂದೆ ಹೇಳಿ ಮುಗಿಸಿದರು.